ಯಾರೂ ನೀರು ಸೇದದ ಬಾವಿ

ಮುಂಡರಗಿ ತಾಲ್ಲೂಕಿನ ಒಂದು ಊರಿನಲ್ಲಿ, ಶಾಲೆಯ ಕಂಪೌಂಡಿಗೆ ಹತ್ತಿಕೊಂಡು, ಬೇವಿನ ಗಿಡದ ನೆರಳಿನಲ್ಲಿ ಮೊಣಕಾಲೆತ್ತರಕ್ಕೆ ಮೇಲೆದ್ದ ಒಂದು ಕಬ್ಬಿಣದ ಕೊಳವೆಯಿದೆ. ಅದರ ಬಾಯಿಗೆ ಮುಚ್ಚಳ, ಮುಚ್ಚಳಕ್ಕೆ ಕೀಲಿ. ಅದಕ್ಕೆ ಮೋಟಾರಿಲ್ಲ, ಹಿಡಿಕೆಯಿಲ್ಲ, ಪಕ್ಕದಲ್ಲಿ ಕೊಡ ಇಡುವ ಕಟ್ಟೆಯೂ ಇಲ್ಲ. ಅಂತರ್ಜಲದ ಮಟ್ಟ ಅಳೆಯುವ ಮತ್ತು ನೀರಿನ ಮಾದರಿ ಸಂಗ್ರಹಿಸುವ ಕೆಲಸಕ್ಕೆಂದು ನಾನು ಮೊದಲ ಸಲ ಆ ಊರಿಗೆ ಹೋದಾಗ, ಗುಡಿಯ ಕಟ್ಟೆಯ ಮೇಲೆ ಕುಳಿತಿದ್ದ ಹಿರಿಯರೊಬ್ಬರು ನನ್ನನ್ನು ಕರೆದು, “ನೀರ ಕೊಡಲಾರದ ಬೋರಿಗೆ ಕೀಲಿ ಯಾಕ ಹಾಕ್ಯಾರ್ರಿ ಸರ? ಅಲ್ಲೊಂದು ಬೋರಿಂಗ್ ಕುಂದರಿಸಿದ್ರ ನಾಲ್ಕು ಮನಿಗೆ ನೀರ ಆಗ್ತಿತ್ತಲ್ರಿ” ಎಂದು ಕೇಳಿದ್ದರು. ನಮ್ಮ ಕಡೆ ಕೈಪಂಪಿಗೇ ಬೋರಿಂಗ್ ಎನ್ನುವುದು ರೂಢಿ. ಆ ದಿನ ನಾನು ಇಲಾಖೆಯ ಕೈಪಿಡಿಯ ಭಾಷೆಯಲ್ಲಿ ಏನೋ ಉತ್ತರ ಹೇಳಿದೆ. ಅವರಿಗೆ ಸಮಾಧಾನವಾಗಲಿಲ್ಲ, ನನಗೂ ಆಗಲಿಲ್ಲ. ಆ ಪ್ರಶ್ನೆಗೆ ಅಂದು ಕೊಡಬೇಕಾಗಿದ್ದ ಉತ್ತರವನ್ನು ಇಷ್ಟು ವರ್ಷಗಳ ಮೇಲೆ ಇಲ್ಲಿ ಬರೆಯುತ್ತಿದ್ದೇನೆ.

ಅದು ವೀಕ್ಷಣಾ ಬಾವಿ. ನೀರು ಎತ್ತುವ ಬೋರ್‌ವೆಲ್ಲಿನಲ್ಲಿ ನೀರಿನ ಮಟ್ಟ ದಿನಕ್ಕೆ ಹಲವು ಸಲ ಏರಿಳಿಯುತ್ತದೆ. ತ್ರೀಫೇಸ್ ಕರೆಂಟು ಬಂದೊಡನೆ ಸುತ್ತಲಿನ ಹೊಲಗಳ ಮೋಟಾರುಗಳೆಲ್ಲ ಒಟ್ಟಿಗೆ ಚಾಲೂ ಆಗಿ, ಒಂದೊಂದು ಬೋರಿನ ಸುತ್ತಲೂ ನೆಲದೊಳಗಿನ ನೀರು ಲಾಳಿಕೆಯ ಆಕಾರದಲ್ಲಿ ತಗ್ಗುತ್ತದೆ. ಕರೆಂಟು ಹೋದ ಮೇಲೆ ಆ ತಗ್ಗು ನಿಧಾನವಾಗಿ ತುಂಬಿಕೊಳ್ಳುತ್ತದೆ. ಹೀಗಿರುವಾಗ ನೀರೆತ್ತುವ ಬಾವಿಯಲ್ಲಿ ಟೇಪು ಇಳಿಸಿದರೆ ಸಿಗುವುದು ಆ ಗಳಿಗೆಯ ಸುದ್ದಿ ಮಾತ್ರ. ಊರಿನ ಕೆಳಗಿರುವ ನೀರಿನ ನಿಜವಾದ ಸ್ಥಿತಿ ತಿಳಿಯಬೇಕಾದರೆ ಯಾರೂ ಮುಟ್ಟದ, ಸುಮ್ಮನೆ ನಿಂತ ಒಂದು ಬಾವಿ ಬೇಕು, ಅದನ್ನು ಪ್ರತಿ ವರ್ಷವೂ ಅದೇ ಹೊತ್ತಿಗೆ ನೋಡಬೇಕು. ಕೇಂದ್ರ ಅಂತರ್ಜಲ ಮಂಡಳಿ ದೇಶದ ಬಾವಿಗಳ ಮಟ್ಟವನ್ನು 1969ರಿಂದ ಅಳೆದುಕೊಂಡು ಬಂದಿದೆ. ಜನವರಿಯಲ್ಲಿ ಒಮ್ಮೆ, ಮುಂಗಾರಿಗೆ ಮುಂಚಿನ ಬೇಸಿಗೆಯಲ್ಲಿ ಒಮ್ಮೆ, ಆಗಸ್ಟಿನಲ್ಲಿ ಒಮ್ಮೆ, ಮಳೆ ಹಿಂದೆ ಸರಿದ ನವೆಂಬರಿನಲ್ಲಿ ಒಮ್ಮೆ. ಬೇಸಿಗೆಯ ಅಂಕಿಗೂ ನವೆಂಬರಿನ ಅಂಕಿಗೂ ನಡುವಿನ ಅಂತರ ನೋಡಿದರೆ ಆ ವರ್ಷದ ಮಳೆಯಲ್ಲಿ ನೆಲಕ್ಕೆ ಇಳಿದದ್ದೆಷ್ಟು ಎಂಬುದರ ಅಂದಾಜು ಸಿಗುತ್ತದೆ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಆಸುಪಾಸು ಮಳೆ ಕಾಣುವ ಗದಗ ಜಿಲ್ಲೆಯಲ್ಲಿ ಆ ಅಂತರವನ್ನು ಊರವರು ತಮ್ಮ ಹೊಲದ ಉತಾರದಷ್ಟೇ ಜೋಪಾನವಾಗಿ ಇಟ್ಟುಕೊಳ್ಳಬೇಕು ಎಂದು ನನಗೆ ಅನ್ನಿಸುತ್ತದೆ.

ಅಳೆಯುವ ಕೆಲಸ ನೋಡುವುದಕ್ಕೆ ಸರಳ. ಉಕ್ಕಿನ ಟೇಪಿನ ಕೆಳಗಿನ ಎರಡು ಮೀಟರಿಗೆ ಬಳಪ ಸವರಿ ಕೊಳವೆಯೊಳಗೆ ಇಳಿಬಿಟ್ಟರೆ, ನೀರು ತಾಗಿದ ಜಾಗದಲ್ಲಿ ಬಳಪ ಒದ್ದೆಯಾಗಿ ಗೆರೆ ಮೂಡುತ್ತದೆ. ಈಗ ಹೆಚ್ಚಾಗಿ ಬಳಸುವ ವಿದ್ಯುತ್ ಟೇಪಿನ ತುದಿ ನೀರಿಗೆ ಮುಟ್ಟಿದೊಡನೆ ಸದ್ದು ಮಾಡುತ್ತದೆ. ಎಚ್ಚರ ಬೇಕಾಗುವುದು ಎಲ್ಲಿಂದ ಅಳೆಯುತ್ತೇವೆ ಎಂಬಲ್ಲಿ. ಕೊಳವೆಯ ಅಂಚಿನ ಮೇಲೆ ಬಣ್ಣದಲ್ಲಿ ಒಂದು ಗುರುತು ಇರುತ್ತದೆ, ಪ್ರತಿ ಸಲವೂ ಅಲ್ಲಿಂದಲೇ ಅಳೆಯಬೇಕು, ಆಮೇಲೆ ನೆಲದಿಂದ ಆ ಗುರುತಿನ ಎತ್ತರವನ್ನು ಕಳೆಯಬೇಕು. ಗುರುತಿನಿಂದ ನೀರಿಗೆ 18.60 ಮೀಟರ್ ಬಂದು, ಗುರುತು ನೆಲದಿಂದ 0.60 ಮೀಟರ್ ಮೇಲಿದ್ದರೆ, ಬರೆಯಬೇಕಾದ್ದು 18.00. ರಸ್ತೆ ಎತ್ತರಿಸುವಾಗ ಬಾವಿಯ ಸುತ್ತ ಮಣ್ಣು ತುಂಬಿದರೆ, ಅಥವಾ ಯಾರೋ ಕೊಳವೆಯನ್ನು ಒಂದಡಿ ಕೊಯ್ದರೆ, ಅದನ್ನು ದಾಖಲೆಯಲ್ಲಿ ಕಾಣಿಸದೆ ಹೋದರೆ, ಹತ್ತಾರು ವರ್ಷಗಳ ಸಾಲು ಅಲ್ಲಿಗೆ ತುಂಡಾಗುತ್ತದೆ. ಹಾಗೆ ತುಂಡಾದ ಸಾಲುಗಳನ್ನು ನೋಡಿದ್ದೇನೆ. ಕಳೆದುಹೋದ ವರ್ಷಗಳನ್ನು ಆಮೇಲೆ ಯಾರೂ ಹೋಗಿ ಅಳೆದು ತರಲಾರರು.

ಇದು ಹೊಸ ವಿದ್ಯೆಯೇನೂ ಅಲ್ಲ. ನಮ್ಮ ಅಜ್ಜಿಯ ಊರಿನಲ್ಲಿ ಮೆಟ್ಟಿಲು ಬಾವಿಯೊಂದಿತ್ತು. ಯುಗಾದಿಯ ಹೊತ್ತಿಗೆ ಎಷ್ಟು ಮೆಟ್ಟಿಲು ಬಯಲಾಗಿವೆ ಎಂಬುದನ್ನು ಅಜ್ಜಿ ಎಣಿಸಿಟ್ಟುಕೊಳ್ಳುತ್ತಿದ್ದಳು. ಹೋದ ವರ್ಷಕ್ಕಿಂತ ಎರಡು ಮೆಟ್ಟಿಲು ಹೆಚ್ಚು ಬಯಲಾದರೆ ಅರಿವೆ ಒಗೆಯುವುದಕ್ಕೆ ಹಳ್ಳಕ್ಕೇ ಹೋಗಬೇಕು ಎಂದು ಓಣಿಯ ಹೆಂಗಸರು ತಮ್ಮತಮ್ಮಲ್ಲೇ ತೀರ್ಮಾನಿಸುತ್ತಿದ್ದರು. ಗದಗಿನಿಂದ ಹತ್ತು ಹನ್ನೆರಡು ಕಿಲೋಮೀಟರ್ ದೂರದ ಲಕ್ಕುಂಡಿಗೆ ಹೋದಾಗಲೆಲ್ಲ ಮಾಣಿಕೇಶ್ವರ ಗುಡಿಯ ಮುಂದಿನ ಮುಸುಕಿನ ಬಾವಿಯ ಮೆಟ್ಟಿಲುಗಳನ್ನು ನಾನು ಈ ಕಣ್ಣಿನಿಂದಲೇ ನೋಡುತ್ತೇನೆ. ಪ್ರವಾಸಿಗರು ಅಲ್ಲಿಯ ಪುಟ್ಟ ಗೂಡುಗಳ ಕೆತ್ತನೆಯನ್ನು ಮೆಚ್ಚುತ್ತಾರೆ, ಮೆಚ್ಚಬೇಕಾದದ್ದೇ. ಆದರೆ ಒಂದೇ ಅಳತೆಯಲ್ಲಿ ಕೆಳಗಿಳಿಯುವ ಆ ಕಲ್ಲುಗಳು ನೀರು ಎಲ್ಲಿಯವರೆಗೆ ಇಳಿದಿದೆ ಎಂಬುದನ್ನು ಓದು ಬಾರದವರಿಗೂ ತೋರಿಸುತ್ತಿದ್ದವು. ಬೋರ್‌ವೆಲ್ ಬಂದ ಮೇಲೆ ನೀರು ಆರೂವರೆ ಇಂಚಿನ ಕತ್ತಲೆಯೊಳಗೆ ಹೋಯಿತು. ಮೋಟಾರು ಗಾಳಿ ಉಗುಳುವ ದಿನದವರೆಗೂ ನೀರು ಇಳಿಯುತ್ತಿರುವುದು ಯಾರಿಗೂ ಕಾಣುವುದಿಲ್ಲ.

ಮಟ್ಟಕ್ಕಿಂತಲೂ ನನ್ನನ್ನು ಹೆಚ್ಚು ಕಾಡಿದ್ದು ನೀರಿನ ಗುಣ. ಗದಗ ಜಿಲ್ಲೆಯಲ್ಲಿ ನೆಲ ಬದಲಾದಂತೆ ನೀರಿನ ರುಚಿ ಬದಲಾಗುತ್ತದೆ. ನರಗುಂದ, ರೋಣದ ಎರೆ ಭೂಮಿಯಲ್ಲಿ, ಅದರಾಚೆ ಧಾರವಾಡ ಜಿಲ್ಲೆಯ ನವಲಗುಂದದಲ್ಲಿ, ಬಾವಿ ತೋಡಿದರೆ ಬಹಳ ಕಡೆ ಸವಳು ನೀರು. ಅದಕ್ಕೇ ಅಲ್ಲಿಯ ಜನ ತಲೆತಲಾಂತರದಿಂದ ಕೆರೆಯ ನೀರನ್ನೇ ಕುಡಿದರು, ಕೆರೆಯ ಅಂಗಳದಲ್ಲಿ ಚಪ್ಪಲಿ ಬಿಟ್ಟು ನಡೆದರು. ಸವಳು ನಾಲಗೆಗೆ ಗೊತ್ತಾಗುವುದರಿಂದ ಅದು ಮೋಸ ಮಾಡುವುದಿಲ್ಲ. ಕಪ್ಪತಗುಡ್ಡದ ಸಾಲು ದಾಟಿ ಮುಂಡರಗಿಯ ಕಡೆ ಹೋದರೆ ಗ್ರಾನೈಟು ಮತ್ತು ನೈಸ್ ಕಲ್ಲಿನ ನೆಲ ಸಿಗುತ್ತದೆ. ಅಲ್ಲಿಯ ನೀರಿನ ತೊಂದರೆ ಫ್ಲೋರೈಡ್, ಅದಕ್ಕೆ ರುಚಿಯಿಲ್ಲ, ಬಣ್ಣವಿಲ್ಲ, ವಾಸನೆಯಿಲ್ಲ.

ಇಲ್ಲಿ ಒಂದು ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇದನ್ನು ತಿಳಿಯದೆ ಎಷ್ಟೋ ಊರುಗಳು ತಪ್ಪು ಬಾವಿಯನ್ನು ಆರಿಸಿಕೊಂಡಿವೆ. ನಮ್ಮ ಮನೆಗಳಲ್ಲಿ ನೀರಿನ ಗುಣ ನೋಡುವುದು ಒಲೆಯ ಮೇಲೆ. ಯಾವ ನೀರಿನಲ್ಲಿ ತೊಗರಿ ಬೇಳೆ ಬೇಗ ಬೆಂದು ಕರಗುತ್ತದೆಯೋ, ಸಾಬೂನು ನೊರೆ ಬಿಡುತ್ತದೆಯೋ, ಅದು ಚಲೋ ನೀರು. ಬೇಳೆ ಕಾಳುಕಾಳಾಗಿಯೇ ಉಳಿದರೆ ಅದು ಗಡಸು ನೀರು. ಗಡಸುತನಕ್ಕೆ ಕಾರಣ ಮುಖ್ಯವಾಗಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ. ನೀರಿನಲ್ಲಿ ಕ್ಯಾಲ್ಸಿಯಂ ಸಾಕಷ್ಟಿದ್ದರೆ ಅದು ಫ್ಲೋರೈಡಿನೊಂದಿಗೆ ಕೂಡಿ ಕರಗದ ಖನಿಜವಾಗಿ ಕೆಳಗೆ ಕೂರುವುದರಿಂದ, ಫ್ಲೋರೈಡ್ ಒಂದು ಮಟ್ಟಕ್ಕಿಂತ ಮೇಲೇರುವುದು ಕಷ್ಟ. ಆದರೆ ಆಳದ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು ಕಲ್ಲಿನೊಡನೆ ಕೊಟ್ಟು ತೆಗೆದುಕೊಂಡು, ಕ್ಯಾಲ್ಸಿಯಂ ಕಳೆದುಕೊಂಡು, ಸೋಡಿಯಂ ಮತ್ತು ಬೈಕಾರ್ಬೊನೇಟನ್ನು ತುಂಬಿಕೊಂಡು ಮೆದುವಾಗುತ್ತದೆ. ಹಾಗೆ ಮೆದುವಾದ, ಕ್ಷಾರದ ಗುಣದ ನೀರಿನಲ್ಲಿ ಕಲ್ಲಿನ ಫ್ಲೋರೈಡ್ ಸಲೀಸಾಗಿ ಕರಗಿ ಉಳಿಯುತ್ತದೆ. ಅಂದರೆ ಬೇಳೆ ಚಲೋ ಬೇಯಿಸುವ, ಅವ್ವಂದಿರು ದೂರದಿಂದ ಹೊತ್ತು ತರುವ ಆ ಬಾವಿಯ ನೀರಿನಲ್ಲೇ ಕೆಲವೊಮ್ಮೆ ಫ್ಲೋರೈಡ್ ಹೆಚ್ಚಿರಬಹುದು. ನಾಲಗೆ ಮತ್ತು ಒಲೆ ಎರಡೂ ಒಳ್ಳೆಯದೆಂದ ನೀರನ್ನು ಬಾಟಲಿಯಲ್ಲಿ ಹಿಡಿದು ಪರೀಕ್ಷೆಗೆ ಕಳುಹಿಸುವುದು ಅವರ ಅನುಭವಕ್ಕೆ ಮಾಡುವ ಅವಮಾನವೆಂದು ಒಂದಿಬ್ಬರು ತಾಯಂದಿರು ನನ್ನ ಮೇಲೆ ಬೇಸರ ಮಾಡಿಕೊಂಡಿದ್ದರು. ಅವರ ಅನುಭವ ಗಡಸುತನದ ಮಟ್ಟಿಗೆ ಪೂರ್ತಿ ಸರಿಯಾಗಿತ್ತು.

ಭಾರತೀಯ ಮಾನಕ ಸಂಸ್ಥೆಯ 2012ರ ಕುಡಿಯುವ ನೀರಿನ ಮಾನದಂಡದ ಪ್ರಕಾರ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು. ಇದಕ್ಕಿಂತ ಹೆಚ್ಚಿನದನ್ನು ಕುಡಿದು ಬೆಳೆದ ಮಕ್ಕಳ ಹಲ್ಲಿನ ಮೇಲೆ ಮೊದಲು ಸುಣ್ಣದಂಥ ಮಚ್ಚೆ, ಆಮೇಲೆ ಕಂದು ಪಟ್ಟೆ ಮೂಡುತ್ತವೆ. ಇನ್ನೂ ಹೆಚ್ಚಿನ ಪ್ರಮಾಣವನ್ನು ಬಹಳ ವರ್ಷ ಕುಡಿದವರ ಕೀಲು, ಬೆನ್ನುಮೂಳೆ ಬಿಗಿಯುತ್ತವೆ. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ.

ನಾನು ಮಾಡಿದ ಒಂದು ತಪ್ಪನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಊರಿಗೆ ಮಾದರಿ ತರಲು ಹೋದಾಗ ಕರೆಂಟು ಇರಲಿಲ್ಲ. ಬೋರಿನ ಮೋಟಾರು ಚಾಲೂ ಆಗುವವರೆಗೆ ಕಾಯುವ ಬದಲು ಓವರ್‌ಹೆಡ್ ಟ್ಯಾಂಕಿನ ಕೆಳಗಿನ ನಲ್ಲಿಯಿಂದ ಬಾಟಲಿ ತುಂಬಿಕೊಂಡೆ. ಆ ಟ್ಯಾಂಕಿಗೆ ಈ ಬೋರಿನ ನೀರೇ ಏರುತ್ತದೆ ಎಂದು ನನಗೆ ಹೇಳಿದ್ದರು. ಹಿಂದಿನ ದಿನ ಬಹುಗ್ರಾಮ ಯೋಜನೆಯ ಕೊಳವೆಯಿಂದ ತುಂಗಭದ್ರೆಯ ನೀರು ಅದೇ ಟ್ಯಾಂಕಿಗೆ ಬಂದು ಬೆರೆತಿತ್ತೆಂಬುದನ್ನು ನೀರುಗಂಟಿಯನ್ನು ಕೇಳಿದ್ದರೆ ಅವನೇ ಹೇಳುತ್ತಿದ್ದ. ನಾನು ಕೇಳಲಿಲ್ಲ. ವರದಿಯಲ್ಲಿ ಫ್ಲೋರೈಡ್ ಮಿತಿಯೊಳಗೆ ಬಂತು. ಮುಂದಿನ ಬೇಸಿಗೆಯಲ್ಲಿ ನದಿಯ ನೀರು ನಿಂತು ಊರು ಪೂರ್ತಿ ಆ ಬೋರಿನ ಮೇಲೆ ಬಂದಾಗ, ಮತ್ತೊಮ್ಮೆ ಹೋಗಿ ಬೋರಿನಿಂದಲೇ ತೆಗೆದ ಮಾದರಿ ಮಿತಿ ಮೀರಿತ್ತು. ನಡುವಿನ ಆ ತಿಂಗಳುಗಳಲ್ಲಿ ನನ್ನ ಕೈಯಿಂದ ಹೋದ ಒಂದು ಹಾಳೆಯನ್ನು ನಂಬಿ ಅಂಗನವಾಡಿಯ ಮಕ್ಕಳಿಗೆ ಆ ನೀರನ್ನೇ ಕುಡಿಸಿದ್ದರು. ಹಲ್ಲು ಒಳಗೆ ರೂಪುಗೊಳ್ಳುವ ವಯಸ್ಸಿನಲ್ಲಿ ಆಗುವ ಕೆಡುಕು ಆಮೇಲೆ ಮರಳಿ ಸರಿಹೋಗುವುದಿಲ್ಲ. ಆ ಊರಿನ ಹೆಸರು ಕೇಳಿದರೆ ನನಗೆ ಇಂದಿಗೂ ಮನಸ್ಸು ಕುಗ್ಗುತ್ತದೆ.

ಅಂದಿನಿಂದ ಕಾಯುವುದನ್ನು ಕಲಿತೆ. ಬೋರ್‌ವೆಲ್ಲಿನ ಕೊಳವೆಯಲ್ಲಿ ನಿಂತ ನೀರು ಕಬ್ಬಿಣವನ್ನೂ ಗಾಳಿಯನ್ನೂ ತಾಗಿ ಬದಲಾಗಿರುತ್ತದೆ. ಅದನ್ನು ಹೊರಹಾಕಿ ಕಲ್ಲಿನ ಬಿರುಕುಗಳಿಂದ ಹೊಸ ನೀರು ಬಂದ ಮೇಲೆಯೇ ಬಾಟಲಿ ಹಿಡಿಯಬೇಕು. ಸುಮ್ಮನೆ ನಿಂತಿದ್ದ ಬಾವಿಯಾದರೆ, ಕೊಳವೆಯಲ್ಲಿರುವ ನೀರಿನ ಮೂರು ಪಟ್ಟು ಹೊರಹೋಗಬೇಕು ಎಂಬುದು ಕೆಲಸದವರ ಲೆಕ್ಕ. ಆರೂವರೆ ಇಂಚಿನ ಬೋರಿನಲ್ಲಿ ಒಂದು ಮೀಟರಿಗೆ ಸುಮಾರು 21 ಲೀಟರ್ ನೀರು ನಿಂತಿರುತ್ತದೆ. 60 ಮೀಟರ್ ನೀರಿದ್ದರೆ ಮೂರು ಪಟ್ಟು ಎಂದರೆ 3,800 ಲೀಟರಿನ ಹತ್ತಿರ. ಗಂಟೆಗೆ 4,000 ಲೀಟರ್ ಎತ್ತುವ ಮೋಟಾರಿಗೆ ಹೆಚ್ಚುಕಡಿಮೆ ಒಂದು ಗಂಟೆಯ ಕೆಲಸ. ನೀರಿನ ಬರ ಇರುವ ಊರಿನಲ್ಲಿ ಅಷ್ಟು ನೀರು ಚರಂಡಿಗೆ ಹರಿಯುವುದನ್ನು ನೋಡಲಾಗುವುದಿಲ್ಲ. ಅದಕ್ಕೇ ನಾನು ಮೊದಲೇ ಸುದ್ದಿ ಮುಟ್ಟಿಸಿ, ದನದ ತೊಟ್ಟಿಗೋ ಶಾಲೆಯ ಗಿಡಗಳಿಗೋ ಪೈಪು ಹಾಕಿಸುತ್ತಿದ್ದೆ. ನಡುನಡುವೆ ನೀರಿನ ಉಷ್ಣತೆ, ಪಿಎಚ್, ವಿದ್ಯುತ್ ವಾಹಕತೆ ನೋಡುತ್ತಿದ್ದು, ಮೂರು ಸಲ ಸಾಲಾಗಿ ಅಂಕಿ ಬದಲಾಗದೆ ನಿಂತರೆ ಬಾಟಲಿ ತುಂಬುವ ಹೊತ್ತಾಯಿತೆಂದು ಅರ್ಥ. ದಿನವೂ ಊರಿಗೆ ನೀರು ಕೊಡುವ ಬೋರಾದರೆ ಅಷ್ಟು ಹೊತ್ತು ಬೇಕಾಗುವುದಿಲ್ಲ.

ಬಾಟಲಿಗಳಿಗೂ ಅವುಗಳದೇ ಕಟ್ಟಳೆಯಿದೆ. ಫ್ಲೋರೈಡಿಗೆ ಗಾಜು ಬೇಡ, ಪ್ಲಾಸ್ಟಿಕ್ಕೇ ಬೇಕು, ಏಕೆಂದರೆ ಫ್ಲೋರೈಡ್ ಗಾಜಿನೊಡನೆ ಕೂಡುತ್ತದೆ. ಆ ಬಾಟಲಿಯನ್ನು ಅದೇ ಬಾವಿಯ ನೀರಿನಿಂದ ಮೂರು ಸಲ ಗಲಬರಿಸಬೇಕು. ಕಬ್ಬಿಣದಂಥ ಲೋಹಗಳ ಪರೀಕ್ಷೆಗಾದರೆ ನೈಟ್ರಿಕ್ ಆಮ್ಲದ ಹನಿ ಹಾಕಬೇಕು. ರೋಗಾಣು ನೋಡುವ ಬಾಟಲಿಯನ್ನು ಮಾತ್ರ ಗಲಬರಿಸಲೇಬಾರದು, ಅದರ ಬಾಯಿಯನ್ನು ಬೆರಳು ಮುಟ್ಟಬಾರದು, ಮೇಲೆ ಸ್ವಲ್ಪ ಗಾಳಿಗೆ ಜಾಗ ಬಿಡಬೇಕು, ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟು ಆರು ಗಂಟೆಯೊಳಗೆ ಪ್ರಯೋಗಾಲಯ ಮುಟ್ಟಿಸಿದರೆ ಉತ್ತಮ. ಮಧ್ಯಾಹ್ನದ ಬಸ್ಸು ತಪ್ಪಿದ ದಿನಗಳಲ್ಲಿ ಆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬೈಕಿನ ಹಿಂದೆ ಕುಳಿತು ಗದಗಿಗೆ ಬಂದಿದ್ದೇನೆ.

ನೈಟ್ರೇಟಿನ ಕಥೆ ಚಿಕ್ಕದು, ಅದರ ಕಾರಣ ಕಣ್ಣ ಮುಂದೆಯೇ ಇರುತ್ತದೆ. ಬೋರಿಂಗಿನ ಪಕ್ಕ ತಿಪ್ಪೆ, ಅದರಾಚೆ ಶೌಚದ ಗುಂಡಿ, ಇನ್ನೂ ಆಚೆ ಯೂರಿಯಾ ಸುರಿದ ಗೋವಿನಜೋಳದ ಹೊಲ. ಮಿತಿ ಲೀಟರಿಗೆ 45 ಮಿಲಿಗ್ರಾಂ, ಇದಕ್ಕೆ ಯಾವ ಸಡಿಲಿಕೆಯೂ ಇಲ್ಲ. ಹಸುಗೂಸುಗಳ ರಕ್ತ ಆಮ್ಲಜನಕ ಹೊರುವ ಶಕ್ತಿಯನ್ನೇ ಇದು ಕುಂದಿಸಬಲ್ಲದು. ಒಂದು ಎಚ್ಚರಿಕೆ ಹೇಳಿ ಮುಂದೆ ಹೋಗುತ್ತೇನೆ. ಕೆಲವು ವರದಿಗಳು ನೈಟ್ರೇಟನ್ನು ಅದರಲ್ಲಿರುವ ಸಾರಜನಕದ ಲೆಕ್ಕದಲ್ಲಿ ಬರೆಯುತ್ತವೆ. ಅಲ್ಲಿ 12 ಎಂದು ಕಂಡರೆ 45ಕ್ಕಿಂತ ಬಹಳ ಕಡಿಮೆ ಎಂದು ಸಮಾಧಾನಪಡುವಂತಿಲ್ಲ, ನೈಟ್ರೇಟಿನ ಲೆಕ್ಕದಲ್ಲಿ ಅದು 53 ಆಗುತ್ತದೆ. ವರದಿ ಕೈಗೆ ಬಂದಾಗ ಅಂಕಿಗಿಂತ ಮೊದಲು ಅದರ ಮುಂದಿನ ಅಳತೆಯನ್ನು ಓದಬೇಕು.

2013ರ ನಂತರ ಎಚ್.ಕೆ. ಪಾಟೀಲರು ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ ವರ್ಷಗಳಲ್ಲಿ ರಾಜ್ಯದ ಹಳ್ಳಿಹಳ್ಳಿಗೆ ಶುದ್ಧ ಕುಡಿಯುವ ನೀರಿನ ಘಟಕಗಳು ಬಂದವು. ಫ್ಲೋರೈಡಿನ ಊರುಗಳಿಗೆ ಅವು ದೊಡ್ಡ ಉಪಕಾರ ಮಾಡಿವೆ ಎಂದು ನಾನು ತಿಳಿದಿದ್ದೇನೆ. ನಾಣ್ಯ ಹಾಕಿ ಕ್ಯಾನು ತುಂಬಿಸಿಕೊಳ್ಳುವ ಮಕ್ಕಳನ್ನು ನೋಡಿದಾಗ ಮನಸ್ಸಿಗೆ ನೆಮ್ಮದಿಯಾಗುತ್ತದೆ. ಆದರೆ ಘಟಕ ಬಂದ ಮೇಲೆ ಅದಕ್ಕೆ ನೀರು ಕೊಡುವ ಬೋರನ್ನು ನೋಡುವುದನ್ನೇ ಹಲವು ಕಡೆ ಬಿಟ್ಟರು. ಘಟಕದೊಳಗೆ ನೀರು ಸೋಸುವ ಪೊರೆ ಹಳೆಯದಾದರೆ ಶುದ್ಧ ನೀರೆಂದು ಕೊಡುವುದರಲ್ಲೂ ಫ್ಲೋರೈಡ್ ಉಳಿಯುತ್ತದೆ. ಪೊರೆ ತಡೆದ ಉಪ್ಪೆಲ್ಲ ಸೇರಿದ ತ್ಯಾಜ್ಯ ನೀರನ್ನು ಬೋರಿನ ಬುಡಕ್ಕೇ ಹರಿಯಬಿಟ್ಟರೆ ಅದು ಮತ್ತೆ ಒಳಗಿಳಿಯುತ್ತದೆ. ಹಾಗೆಯೇ ಹಮ್ಮಿಗಿಯ ಬ್ಯಾರೇಜಿನಿಂದ ನದಿಯ ನೀರು ಬರುತ್ತದೆಂದು ಗದಗಿನವರೂ, ಮಲಪ್ರಭೆಯ ನೀರು ಬರುತ್ತದೆಂದು ಹುಬ್ಬಳ್ಳಿ–ಧಾರವಾಡದವರೂ ಅಂತರ್ಜಲವನ್ನು ಮರೆಯುತ್ತೇವೆ. ನದಿ ಸೊರಗಿದ ಬೇಸಿಗೆಯಲ್ಲಿ ನಲ್ಲಿಗೆ ನೀರು ಬಾರದೆ ಎಂಟು ಹತ್ತು ದಿನ ಕಳೆದಾಗ ನಾವೆಲ್ಲ ಓಡುವುದು ಅದೇ ಹಳೆಯ ಬೋರಿನ ಕಡೆಗೆ, ಆಗ ಅದರ ನೀರು ಹೇಗಿದೆ ಎಂದು ಹೇಳುವ ಒಂದು ಹಾಳೆಯೂ ಯಾರ ಹತ್ತಿರವೂ ಇರುವುದಿಲ್ಲ. ಕೊರತೆಯ ದಿನ ಮಾದರಿ ತೆಗೆದು ವರದಿಗಾಗಿ ಕಾಯುವಷ್ಟು ಪುರುಸೊತ್ತು ಬಾಯಾರಿದವರಿಗೆ ಇರುವುದಿಲ್ಲ. ಬೇಡವಾದಾಗ ಅಳೆದಿಟ್ಟದ್ದೇ ಆಗ ಕೈಗೆ ಬರಬೇಕು.

ಜಲ ಜೀವನ ಮಿಷನ್ 2019ರಲ್ಲಿ ಆರಂಭವಾದ ಮೇಲೆ ಪ್ರತಿ ಹಳ್ಳಿಯಲ್ಲಿ ಐವರು ಹೆಣ್ಣುಮಕ್ಕಳಿಗೆ ನೀರು ಪರೀಕ್ಷೆಯ ಕಿಟ್ ಬಳಸುವ ತರಬೇತಿ ಕೊಡುವ ಏರ್ಪಾಡಾಯಿತು. ನಾನು ಮೊದಲು ಹೇಳಿದ ಊರಿನಲ್ಲಿ ಸ್ವಸಹಾಯ ಸಂಘದ ಒಬ್ಬ ತಂಗಿ ಈ ಕೆಲಸವನ್ನು ಬಹಳ ಮನಸ್ಸಿಟ್ಟು ಮಾಡುತ್ತಾಳೆ. ಫ್ಲೋರೈಡ್ ಇದ್ದಷ್ಟೂ ನಸುಗೆಂಪು ಬಣ್ಣ ಹಳದಿಯ ಕಡೆ ತಿರುಗುವುದನ್ನು, ಕೊಳೆ ಬೆರೆತ ನೀರು ಒಂದೆರಡು ದಿನದಲ್ಲಿ ಪುಟ್ಟ ಬಾಟಲಿಯಲ್ಲಿ ಕಪ್ಪಾಗುವುದನ್ನು ಅವಳು ಓಣಿಯ ಹೆಂಗಸರ ಎದುರಿಗೇ ತೋರಿಸುತ್ತಾಳೆ. ಕಿಟ್ಟಿನ ಬಣ್ಣ ಪ್ರಯೋಗಾಲಯದ ಅಂಕಿಯಷ್ಟು ನಿಖರವಲ್ಲ, ಸಂಶಯ ಬಂದದ್ದನ್ನು ಗದಗಿಗೆ ಕಳುಹಿಸಲೇಬೇಕು ಎಂಬುದು ಅವಳಿಗೆ ಗೊತ್ತು. ನಾವು ಇಷ್ಟು ವರ್ಷ ಮಾದರಿ ಒಯ್ದೆವು, ವರದಿಯನ್ನು ಮೇಲಿನವರಿಗೆ ಕಳುಹಿಸಿದೆವು, ನೀರು ಕುಡಿಯುವವರಿಗೆ ಹೇಳಲಿಲ್ಲ. ಅವಳು ಪ್ರತಿ ಬೋರಿನ ಫಲಿತಾಂಶವನ್ನು ಪಂಚಾಯ್ತಿಯ ಗೋಡೆಯ ಮೇಲೆ ತಾರೀಖು ಸಮೇತ ಬರೆಸಿದ್ದಾಳೆ.

ಒಂದು ಬರದ ವರ್ಷ ಶಾಲೆಯ ಪಕ್ಕದ ಆ ಕೊಳವೆಯ ಕೀಲಿ ಒಡೆದು ಮೋಟಾರು ಇಳಿಸಬೇಕೆಂಬ ಮಾತು ಗ್ರಾಮಸಭೆಯಲ್ಲಿ ಬಂದಿತ್ತು. ಕೇಳಿದವರ ತಪ್ಪೇನೂ ಇರಲಿಲ್ಲ, ನೀರಿಗಾಗಿ ಅವರು ನಿಜವಾಗಿಯೂ ಕಷ್ಟದಲ್ಲಿದ್ದರು. ನಾನೂ ಹೋಗಿದ್ದೆ. ನಾನು ಮಾತಾಡುವ ಮುಂಚೆ ಆ ತಂಗಿ ಎದ್ದು ನಿಂತು, “ಇದರಾಗಿನ ನೀರ ತಗದ್ರ ಹದಿನೈದ ದಿನ ಕುಡೀತೀವ್ರಿ. ಆಮ್ಯಾಲ ಉಳಿದ ಬೋರು ಯಾವಾಗ ನಿಲ್ತಾವಂತ ನಮಗ ಹೇಳವ್ರ ಯಾರು?” ಎಂದು ಕೇಳಿದಳು. ಚರ್ಚೆ ಬಹಳ ಹೊತ್ತು ನಡೆಯಿತು. ಕೊನೆಗೆ ಟ್ಯಾಂಕರ್ ತರಿಸುವುದೆಂದಾಯಿತು, ಕೀಲಿ ಉಳಿಯಿತು.

ಹೋದ ನವೆಂಬರಿನಲ್ಲಿ ಆ ಊರಿಗೆ ಹೋಗಿದ್ದೆ. ನಾನು ಈಗ ಕೆಲಸದಲ್ಲಿಲ್ಲ; ನೋಡಿಕೊಂಡು ಬರೋಣವೆಂದು ಹೋದದ್ದು. ಕೊಳವೆಯ ಮೇಲಿನ ಗುರುತಿಗೆ ಹೊಸ ಕೆಂಪು ಬಣ್ಣ ಬಳಿದಿದ್ದರು. ಬೆಳಿಗ್ಗೆ ಕರೆಂಟು ಬರುವ ಮೊದಲೇ ಆ ತಂಗಿ ಟೇಪು ಇಳಿಸಿ, ಎರಡು ಸಲ ಅಳೆದು, ಎರಡೂ ಒಂದೇ ಬಂದ ಮೇಲೆ ನೋಟುಬುಕ್ಕಿನಲ್ಲಿ ಬರೆದುಕೊಂಡಳು. ಗುಡಿಯ ಕಟ್ಟೆಯ ಮೇಲಿನ ಅದೇ ಹಿರಿಯರು ಕೋಲು ಊರಿಕೊಂಡು ಹತ್ತಿರ ಬಂದು, “ಎಷ್ಟಕ್ಕೈತಿ ತಂಗೀ?” ಎಂದು ಕೇಳಿದರು. ಅವಳು ಅಂಕಿ ಹೇಳಿದಳು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮಳಿ ಹೋದ ವರ್ಷದಷ್ಟs ಆಗೇತಿ, ನೀರ ಯಾಕ ಒಂದ ಮೀಟರ ಕೆಳಗ ನಿಂತೈತಿ?” ಎಂದರು. ಅದಕ್ಕೆ ಅವಳ ಬಳಿಯೂ ನನ್ನ ಬಳಿಯೂ ಒಡನೆಯೇ ಉತ್ತರವಿರಲಿಲ್ಲ. ಬೇಸಿಗೆಯಿಂದೀಚೆಗೆ ಹಳ್ಳದ ದಂಡೆಗೆ ಎಷ್ಟು ಹೊಸ ಬೋರು ಬಿದ್ದಿವೆ ಎಂದು ಎಣಿಸಿಕೊಂಡು ಬರಲು ಮೂವರೂ ಆ ಕಡೆ ನಡೆದೆವು.